ರವಿವಾರ ಬೀಗ ಹಾಕಿದರೂ ದಣಿವು ಆರದೇಕೆ?

ಪ್ರಶ್ನೆ: ನಾನು ಗದುಗಿನವಳು, ವಯಸ್ಸು 37. ಎಂಟು ತಿಂಗಳ ಹಿಂದೆ ಬ್ಯಾಂಕಿನಲ್ಲಿ ಸಾಲ ಪಡೆದು, ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ತಯಾರಿಸುವ ಸಣ್ಣ ಘಟಕ ಆರಂಭಿಸಿದ್ದೇನೆ. ಆರು ಜನ ಹೆಣ್ಣುಮಕ್ಕಳು ದುಡಿಯುತ್ತಾರೆ. ಹುಬ್ಬಳ್ಳಿ ಮತ್ತು ಗದುಗಿನ ಖಾನಾವಳಿ, ಕಿರಾಣಿ ಅಂಗಡಿಗಳಿಗೆ ಮಾಲು ಹೋಗುತ್ತದೆ. ವ್ಯಾಪಾರ ಕೆಟ್ಟಿಲ್ಲ, ಆದರೆ ಉದ್ರಿ ವಸೂಲಾಗುವುದಿಲ್ಲ. ನಸುಕಿನ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ರವಿವಾರ ಘಟಕಕ್ಕೆ ಬೀಗ ಹಾಕಿ ಮನೆಯಲ್ಲೇ ಇದ್ದರೂ ಸೋಮವಾರ ಅಷ್ಟೇ ದಣಿದಿರುತ್ತೇನೆ, ಮಕ್ಕಳ ಮೇಲೆ ರೇಗುತ್ತೇನೆ. ವಾರಕ್ಕೊಮ್ಮೆ ಭಜನೆಗೆ ಹೋಗುತ್ತಿದ್ದೆ, ಅದೂ ನಿಂತಿದೆ. ಘಟಕ ಮುಚ್ಚಿಬಿಡಲೇ ಎನ್ನಿಸುತ್ತಿದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ರವಿವಾರದ ಮಾತು. ಘಟಕದ ಬಾಗಿಲಿಗೆ ಬೀಗ ಬಿದ್ದಿದೆ, ಆದರೆ ಬಾರದ ಬಾಕಿ, ತುಂಬಬೇಕಾದ ಕಂತು, ಸೋಮವಾರ ಬರಬೇಕಾದ ಜೋಳದ ಹಿಟ್ಟು ಇವೆಲ್ಲ ನಿಮ್ಮೊಂದಿಗೇ ಮನೆಗೆ ಬಂದಿವೆ. ಹಣದ ಚಿಂತೆ ಮನಸ್ಸಿನಲ್ಲಿ ಸುತ್ತುತ್ತಿರುವಷ್ಟು ಹೊತ್ತು, ಕೈಕಾಲು ಹಾಸಿಗೆಯ ಮೇಲಿದ್ದರೂ ದೇಹ ಅಪಾಯವನ್ನು ಎದುರಿಸುವ ಸಿದ್ಧತೆಯಲ್ಲಿಯೇ ಇರುತ್ತದೆ. ಹೀಗಾಗಿ ನಿಮಗೆ ಸಿಕ್ಕಿದ್ದು ರಜೆ ಮಾತ್ರ, ವಿಶ್ರಾಂತಿ ಸಿಕ್ಕಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗ ವರ್ಗೀಕರಣದಲ್ಲಿ ಇಂತಹ ಬಸವಳಿಕೆಯನ್ನು ರೋಗವೆಂದು ಕರೆಯದೆ, ಕೆಲಸದ ಒತ್ತಡ ಬಹುಕಾಲ ಹತೋಟಿಗೆ ಬಾರದೆ ಉಳಿದಾಗ ಉಂಟಾಗುವ ಸ್ಥಿತಿಯೆಂದು ವಿವರಿಸಲಾಗಿದೆ. ಶಕ್ತಿ ಬತ್ತಿಹೋಗುವುದು, ಪ್ರೀತಿಯಿಂದ ಕೈಗೆತ್ತಿಕೊಂಡ ಕೆಲಸದ ಬಗೆಗೇ ಬೇಸರ ಹುಟ್ಟುವುದು, ಎಷ್ಟು ದುಡಿದರೂ ಏನೂ ಸಾಧಿಸಿಲ್ಲವೆನ್ನಿಸುವುದು ಇವು ಅದರ ಮೂರು ಗುರುತುಗಳು. ವ್ಯಾಪಾರ ಕೆಟ್ಟಿಲ್ಲವೆಂದು ಬರೆದ ನೀವೇ ಮುಚ್ಚಿಬಿಡಲೇ ಎಂದೂ ಕೇಳಿದ್ದೀರಿ. ಇದು ನಿಮ್ಮ ದೌರ್ಬಲ್ಯವಲ್ಲವೆಂಬುದನ್ನು ದಯವಿಟ್ಟು ನಂಬಿರಿ.

ಧ್ಯಾನ ಮಾಡಿರೆಂದು ಹೇಳಿ ಮುಗಿಸುವುದು ನನಗೆ ಸುಲಭ. ಆದರೆ ಉದ್ರಿಯ ಚಿಂತೆಗೆ ಮೊದಲ ಮದ್ದು ಉದ್ರಿಯ ಲೆಕ್ಕದಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ನಮ್ಮ ಭಾಗದ ಹಳೆಯ ವ್ಯಾಪಾರಸ್ಥರು ಅಂದಂದಿನ ಕಿರ್ದಿ, ಅಂದರೆ ದಿನದ ಲೆಕ್ಕ, ಬರೆದು, ಕೈಯಲ್ಲುಳಿದ ಶಿಲ್ಕು ಹಣ ತಾಳೆ ನೋಡಿಯೇ ಅಂಗಡಿಯ ಬಾಗಿಲು ಹಾಕುತ್ತಿದ್ದರು. ಆ ಪದ್ಧತಿ ಹಣಕ್ಕಾಗಿ ಹುಟ್ಟಿದ್ದಾದರೂ ಮನಸ್ಸಿಗೂ ಅಷ್ಟೇ ಉಪಕಾರಿಯಾಗಿತ್ತೆಂದು ನಾನು ತಿಳಿದಿದ್ದೇನೆ. ನೀವೂ ಘಟಕ ಬಿಡುವ ಮೊದಲು ಹತ್ತು ನಿಮಿಷ ಕುಳಿತು, ಅಂದಿನ ಜಮಾ-ಖರ್ಚಿನ ಕೆಳಗೆ ಆಗದೆ ಉಳಿದ ಕೆಲಸಗಳನ್ನು ಬರೆಯಿರಿ. ಪ್ರತಿಯೊಂದರ ಮುಂದೆ ಅದನ್ನು ಯಾರು, ಯಾವ ದಿನ, ಎಷ್ಟು ಗಂಟೆಗೆ ಮಾಡಬೇಕೆಂದು ನಮೂದಿಸಿರಿ. ‘ಬಾಕಿ ಕೇಳಬೇಕು’ ಎಂದಷ್ಟೇ ಬರೆದರೆ ಮನಸ್ಸು ಒಪ್ಪುವುದಿಲ್ಲ. ‘ಸ್ಟೇಶನ್ ರಸ್ತೆಯ ಖಾನಾವಳಿಗೆ ಬುಧವಾರ ಹನ್ನೊಂದಕ್ಕೆ ಫೋನ್’ ಎಂದು ಬರೆದರೆ ಒಪ್ಪುತ್ತದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮಲಗುವ ಮುನ್ನ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿ ಬರೆದವರಿಗೆ, ಮಾಡಿ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ದೆ ಹತ್ತಿತ್ತು. ಅದು ಕೇವಲ 57 ಜನರ ಚಿಕ್ಕ ಅಧ್ಯಯನವಾದರೂ, ಪಟ್ಟಿ ವಿವರವಾದಷ್ಟೂ ನಿದ್ದೆ ಬೇಗ ಬಂದದ್ದು ಗಮನಾರ್ಹ.

ಉದ್ರಿ ಕೇಳಲು ವಾರದಲ್ಲಿ ಎರಡು ದಿನ ಗೊತ್ತು ಮಾಡಿಕೊಳ್ಳಿರಿ, ಉಳಿದ ದಿನಗಳಲ್ಲಿ ಆ ಕರೆಗಳು ಬೇಡ. ಹಳೆಯ ಬಿಲ್ಲು ಚುಕ್ತಾ ಆಗದೆ ಹೊಸ ಮಾಲು ಕೊಡುವುದಿಲ್ಲವೆಂಬ ನಿಯಮವನ್ನು ಗೋಡೆಯ ಮೇಲೆ ಬರೆದು ಹಾಕಿದರೆ, ಪ್ರತಿ ಸಲವೂ ನೀವೇ ನಿಷ್ಠುರವಾಗಬೇಕಾದ ಸಂಕಟ ತಪ್ಪುತ್ತದೆ. ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಮಾಡಿಸಿರದಿದ್ದರೆ ಮಾಡಿಸಿರಿ, ಅದಕ್ಕೆ ಶುಲ್ಕವಿಲ್ಲ. ನಿಮ್ಮಂತಹ ಕಿರು ಉತ್ಪಾದಕರಿಂದ ಮಾಲು ಕೊಂಡವರು, ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಸಲ್ಲಿಸಬೇಕೆಂದು ಸಣ್ಣ ಉದ್ಯಮಗಳ ಕುರಿತಾದ 2006ರ ಕೇಂದ್ರ ಕಾಯ್ದೆ ಹೇಳುತ್ತದೆ. ನೀವು ಯಾರ ಮೇಲೂ ದೂರು ಕೊಡದೇ ಇರಬಹುದು. ಆದರೂ ಕೇಳುವ ಹಕ್ಕು ತನಗಿದೆಯೆಂದು ತಿಳಿದವರ ದನಿಯಲ್ಲಿ ಅಂಜಿಕೆ ಕಡಿಮೆಯಾಗುತ್ತದೆ.

ಇನ್ನು ನಸುಕಿನ ಎಚ್ಚರದ ವಿಷಯ. ರಾತ್ರಿಯ ಉತ್ತರಾರ್ಧದಲ್ಲಿ ಎಲ್ಲರ ನಿದ್ದೆಯೂ ತೆಳುವಾಗಿರುತ್ತದೆ, ಕಾರ್ಟಿಸಾಲ್ ಎಂಬ ಹಾರ್ಮೋನು ಬೆಳಗಿನ ಎಚ್ಚರಕ್ಕೆ ದೇಹವನ್ನು ಅಣಿಗೊಳಿಸಲು ಏರತೊಡಗಿರುತ್ತದೆ. ಆಗ ಮೊಬೈಲ್ ಕೈಗೆತ್ತಿಕೊಂಡು ಹಣ ಜಮಾ ಆಗಿದೆಯೇ ಎಂದು ನೋಡಿದರೆ ನಿದ್ದೆ ಅಲ್ಲಿಗೆ ಮುಗಿಯಿತು. ಫೋನ್ ಬೇರೆ ಕೋಣೆಯಲ್ಲಿರಲಿ. ಸುಮಾರು ಇಪ್ಪತ್ತು ನಿಮಿಷ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಸುಮ್ಮನೆ ಕುಳಿತು, ತೂಕಡಿಕೆ ಬಂದಾಗ ಮಲಗಿರಿ. ಸಂಜೆಯ ಚಹಾ ಬಿಡುವುದು ಒಳ್ಳೆಯದು, ಏಕೆಂದರೆ ಕೆಫೀನಿನ ಅರ್ಧದಷ್ಟು ಸುಮಾರು ಐದು ತಾಸಿನ ನಂತರವೂ ಮೈಯಲ್ಲಿ ಉಳಿದಿರುತ್ತದೆ.

ಭಜನೆ ನಿಂತಿರುವುದನ್ನು ನೀವು ಕೊನೆಗೆ, ಸಣ್ಣ ಸಂಗತಿಯೆಂಬಂತೆ ಬರೆದಿದ್ದೀರಿ. ನನಗೆ ಅದು ಹಾಗೆ ಕಾಣುವುದಿಲ್ಲ. ವೀರೇಶ್ವರ ಪುಣ್ಯಾಶ್ರಮವಿರುವ ಊರಿನವರಿಗೆ ಹಾಡಿನ ಬೆಲೆಯನ್ನು ನಾನು ಹೇಳಬೇಕಾಗಿಲ್ಲ. ದೀರ್ಘವಾಗಿ ಹಾಡುವಾಗ ಉಸಿರು ಹೊರಹೋಗುವ ಹೊತ್ತು ತಾನಾಗಿ ಹಿಗ್ಗುತ್ತದೆ, ನಿಧಾನವಾದ ಅಂತಹ ಉಸಿರಾಟದಿಂದ ಹೃದಯದ ಬಡಿತ ಶಾಂತವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಕುಳಿತವರು ನಿಮ್ಮನ್ನು ರೊಟ್ಟಿಯ ದರ ಕೇಳುವುದಿಲ್ಲ. ಅಲ್ಲಿ ನೀವು ಮಾಲಕಿಯೂ ಅಲ್ಲ, ಸಾಲಗಾರಳೂ ಅಲ್ಲ. ಆ ಒಂದು ಸಂಜೆ ಘಟಕದ ಕೀಲಿಯನ್ನು ಆರು ಜನರಲ್ಲಿ ನಿಮಗೆ ನಂಬಿಕೆಯಿರುವ ಒಬ್ಬರಿಗೆ ಒಪ್ಪಿಸಿ ಹೋಗಿರಿ. ಮೊದಲ ಎರಡು ವಾರ ಕೈಕಟ್ಟಿದಂತಾಗಬಹುದು, ಆದರೂ ಬಿಡಬೇಡಿರಿ. ಮಕ್ಕಳಿಗೂ ನೀವು ದಣಿದಿರುವಿರೆಂದು ನೇರವಾಗಿ ಹೇಳಿರಿ; ಹೇಳದಿದ್ದರೆ ಸಿಟ್ಟು ತಮ್ಮ ತಪ್ಪಿನಿಂದಲೇ ಬಂತೆಂದು ಅವರು ತಿಳಿಯುತ್ತಾರೆ.

ರಕ್ತದ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿರಿ, ಹೆಣ್ಣುಮಕ್ಕಳ ದಣಿವಿಗೆ ಇವೂ ಕಾರಣವಾಗಿರುವುದುಂಟು. ಎರಡು ವಾರಗಳಿಗಿಂತ ಹೆಚ್ಚು ಕಾಲ ಮನಸ್ಸು ಕುಗ್ಗಿಯೇ ಇದ್ದರೆ, ಊಟ ಸೇರದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೋ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಯನ್ನೋ ಕಾಣಿರಿ. ಬದುಕೇ ಬೇಡವೆಂಬ ಯೋಚನೆ ಒಮ್ಮೆ ಸುಳಿದರೂ ಎರಡು ವಾರ ಕಾಯಬಾರದು, ಅಂದೇ ಮನೆಯವರಿಗೆ ತಿಳಿಸಿ ವೈದ್ಯರ ಬಳಿ ಹೋಗಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಘಟಕ ಮುಚ್ಚಬೇಕೇ ಎಂಬ ಪ್ರಶ್ನೆಗೆ ಈಗಲೇ ಉತ್ತರ ಹುಡುಕಬೇಡಿರಿ. ನಿದ್ದೆಗೆಟ್ಟ ಕಣ್ಣಿಗೆ ಬಾಕಿ ಕಾಣುವಷ್ಟು ಸ್ಪಷ್ಟವಾಗಿ ಗಳಿಕೆ ಕಾಣುವುದಿಲ್ಲ. ಒಂದು ತಿಂಗಳು ಕಿರ್ದಿ ಬರೆದ ಮೇಲೆ, ಚೆನ್ನಾಗಿ ನಿದ್ದೆ ಮಾಡಿ ಎದ್ದ ಒಂದು ಮುಂಜಾನೆ, ಲೆಕ್ಕ ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಆ ಪುಟಗಳನ್ನು ತೆರೆಯಿರಿ. ಆ ದಿನ ಏನು ನಿರ್ಧರಿಸಿದಿರೆಂದು ನನಗೂ ಬರೆಯಿರಿ.