ಓಕ್ ಮರದ ಕೆಳಗೆ ತಿಳಿ ಹಸಿರು ಅಣಬೆ ಸಿಕ್ಕಿದೆ, ಕಾಂಡಕ್ಕೆ ಬಿಳಿ ಉಂಗುರ ಇದೆ. ಬೇಯಿಸಿ ತಿನ್ನಬಹುದಾ?

ದಯವಿಟ್ಟು ತಿನ್ನಬೇಡಿ. ಓಕ್ ಮರ, ಹಳದಿ ಬೆರೆತ ಹಸಿರು ಟೋಪಿ, ಕಾಂಡದ ಮೇಲೆ ಬಿಳಿ ಉಂಗುರ ಮೂರೂ ಒಟ್ಟಿಗೆ ಇದ್ದರೆ ನಾನು ಮೊದಲು ಅನುಮಾನಿಸೋದು ಡೆತ್ ಕ್ಯಾಪ್ ಅನ್ನು, ಅಂದರೆ ಅಮಾನಿಟಾ ಫಾಲಾಯ್ಡಿಸ್. ಅರ್ಧ ಟೋಪಿಯಷ್ಟು ತಿಂದರೂ ದೊಡ್ಡವರ ಜೀವ ಹೋಗಬಹುದು. ಬೇಯಿಸಿದರೂ, ಒಣಗಿಸಿದರೂ, ಫ್ರೀಜರ್‌ನಲ್ಲಿಟ್ಟರೂ ಅದರ ವಿಷ ಇಳಿಯಲ್ಲ.

ಗುರುತು ಹಿಡಿಯೋಕೆ ಬುಡ ನೋಡಲೇಬೇಕು. ತುಂಬಾ ಜನ ಕಾಂಡವನ್ನು ಮಧ್ಯಕ್ಕೇ ಮುರಿದು ತರುತ್ತಾರೆ, ಮುಖ್ಯ ಸಾಕ್ಷಿ ಮಣ್ಣಲ್ಲೇ ಉಳಿದುಬಿಡುತ್ತೆ. ಕಾಂಡದಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ಚಾಕು ಇಳಿಸಿ, ಮಣ್ಣಿನ ಸಮೇತ ಮೀಟಿ ಎತ್ತಿ. ಮುಟ್ಟಿದ ಮಾತ್ರಕ್ಕೆ ವಿಷ ಏರಲ್ಲ, ಆದರೂ ಕೈ ತೊಳೆದುಕೊಳ್ಳಿ. ಅಂಟಿದ ಎಲೆ, ಮಣ್ಣನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿ. ಡೆತ್ ಕ್ಯಾಪ್ ಆಗಿದ್ದರೆ ಒಡೆದ ಮೊಟ್ಟೆಯ ಚಿಪ್ಪಿನೊಳಗೆ ಕಾಂಡ ನೆಟ್ಟ ಹಾಗೆ, ತೆಳುವಾದ ಬಿಳಿ ಚೀಲವೊಂದು ಬುಡವನ್ನು ಸುತ್ತಿಕೊಂಡಿರುತ್ತೆ. ಎಳೆಯದಾಗಿದ್ದಾಗ ಇಡೀ ಅಣಬೆಯನ್ನು ಮುಚ್ಚಿದ್ದ ಪೊರೆ ಅದು.

ಬಣ್ಣವನ್ನು ಮಾತ್ರ ನಂಬಬೇಡಿ. ಪೂರ್ತಿ ಬಿಳಿ ಇರೋವೂ ಸಿಗುತ್ತವೆ.

ಇನ್ನೊಂದು ಪರೀಕ್ಷೆ ಬೀಜಕಗಳ ಅಚ್ಚು, ಅಂದರೆ ಅಣಬೆ ಉದುರಿಸುವ ಬೀಜದಂಥ ನುಣ್ಣನೆ ಪುಡಿಯ ಬಣ್ಣ ನೋಡೋದು. ಟೋಪಿಯನ್ನು ಕತ್ತರಿಸಿ, ಅದರ ಅಡಿಯಲ್ಲಿರುವ ತೆಳು ಪದರಗಳು (ಕಿವಿರುಗಳು) ಕೆಳಗೆ ಬರುವಂತೆ ಅರ್ಧ ಕಪ್ಪು, ಅರ್ಧ ಬಿಳಿ ಕಾಗದದ ಮೇಲಿಟ್ಟು, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಿ. ಕಪ್ಪು ಭಾಗದಲ್ಲಿ ಬಿಳಿ ಪುಡಿ ಕಂಡರೆ ಅನುಮಾನ ಗಟ್ಟಿಯಾಯಿತು. ಭತ್ತದ ಹುಲ್ಲಿನ ಅಣಬೆಗೂ ಬುಡದಲ್ಲಿ ಇಂಥದ್ದೇ ಚೀಲ ಇರುತ್ತೆ, ಅದನ್ನು ತಿಂದು ರೂಢಿ ಇರೋರು ಮೋಸ ಹೋಗೋದು ಇಲ್ಲೇ. ಅದರ ಪುಡಿ ಗುಲಾಬಿ ಛಾಯೆಯದು, ಕಾಂಡಕ್ಕೆ ಉಂಗುರ ಇರಲ್ಲ. ಆದರೆ ಮೊಟ್ಟೆಯಂತೆ ಮುಚ್ಚಿಕೊಂಡಿರುವ ಹಂತದಲ್ಲಿ ಈ ಎರಡೂ ಗುರುತು ಕೈಗೆ ಸಿಗಲ್ಲ. ಆಗ ಯಾವ ಅಣಬೆ ಅಂತ ನೋಡದೆ ಬಿಟ್ಟುಬಿಡಿ. ವಿಷದ ಅಣಬೆ ತಾಗಿದರೆ ಬೆಳ್ಳಿ ಕಪ್ಪಾಗುತ್ತೆ, ಅದನ್ನು ಹುಳು ಮುಟ್ಟಲ್ಲ ಅನ್ನೋ ಮಾತೆಲ್ಲ ಸುಳ್ಳು.

ಓಕ್ ಯಾಕೆ ಅಂದರೆ, ಡೆತ್ ಕ್ಯಾಪ್ ಶಿಲೀಂಧ್ರ ಮರದ ಬೇರಿನ ತುದಿಗಳನ್ನು ಹೊದ್ದುಕೊಂಡು ಬದುಕುತ್ತೆ. ಮಣ್ಣಿನ ಪೋಷಕಾಂಶ ಕೊಟ್ಟು ಮರದಿಂದ ಸಕ್ಕರೆ ಪಡೆಯುತ್ತೆ. ಮೂಲ ಯುರೋಪಿನದು, ಈಗ ಆಸ್ಟ್ರೇಲಿಯಾದ ಕ್ಯಾನ್‌ಬೆರಾ, ಮೆಲ್ಬರ್ನ್‌ಗಳಲ್ಲೂ ಓಕ್ ಮರಗಳ ಕೆಳಗೆ ಏಳುತ್ತೆ. ಬೀಚ್, ಚೆಸ್ಟ್‌ನಟ್ ಮರಗಳ ಜೊತೆಗೂ ಬೆಳೆಯೋದರಿಂದ ಹತ್ತಿರ ಓಕ್ ಇಲ್ಲ ಅಂತ ಧೈರ್ಯ ಮಾಡಬೇಡಿ.

ಯಾರಾದರೂ ಈಗಾಗಲೇ ತಿಂದಿದ್ದರೆ ವಾಂತಿ ಶುರುವಾಗಲಿ ಅಂತ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಮಾನಿಟಿನ್ ಅನ್ನೋ ವಿಷ ಯಕೃತ್ತಿನ ಜೀವಕೋಶಗಳಲ್ಲಿ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸುತ್ತೆ, ಹೊರಗೆ ಮಾತ್ರ ಸಾಮಾನ್ಯವಾಗಿ 6ರಿಂದ 24 ಗಂಟೆ ಏನೂ ಗೊತ್ತಾಗಲ್ಲ. ಆಮೇಲೆ ವಾಂತಿ, ಭೇದಿ. ಅದು ನಿಂತು ಒಂದು ದಿನ ಹುಷಾರಾದ ಹಾಗೆ ಕಾಣುತ್ತೆ. ಆ ಹೊತ್ತಲ್ಲಿ ಆಸ್ಪತ್ರೆಯಿಂದ ಕರೆದುಕೊಂಡು ಬರಬೇಡಿ, ಯಕೃತ್ತು ಒಳಗೆ ಹಾಳಾಗುತ್ತಲೇ ಇರುತ್ತೆ. ಉಳಿದ ಅಣಬೆ, ಬುಡದ ಸಿಪ್ಪೆಯ ಚೂರು ಏನಿದ್ದರೂ ವೈದ್ಯರಿಗೆ ತೋರಿಸೋಕೆ ಕಾಗದದಲ್ಲಿ ಸುತ್ತಿ ತೆಗೆದುಕೊಂಡು ಹೋಗಿ. ಪ್ಲಾಸ್ಟಿಕ್‌ನಲ್ಲಿ ಬೆವತು ಬೇಗ ಕೊಳೆತುಹೋಗುತ್ತೆ.