ವಿಜಯ ಸಂಕೇಶ್ವರರ ಪತ್ರಿಕೆ ಗೆದ್ದಿದ್ದು ಬರೀ ದುಡ್ಡಿನಿಂದಲಾ?

"ಲಾರಿ ಮಾಲೀಕರಾಗಿದ್ದ ವಿಜಯ ಸಂಕೇಶ್ವರ 'ವಿಜಯ ಕರ್ನಾಟಕ' ಪತ್ರಿಕೆ ಶುರು ಮಾಡಿ ಗೆದ್ದಿದ್ದು ಹೇಗೆ, ದುಡ್ಡಿತ್ತು ಅಂತಾನಾ?" ಎಂದು ಕೇಳಿದ್ದೀರಿ. ಅಲ್ಲ ಅನ್ನೋದು ನನ್ನ ಉತ್ತರ. ಗದಗ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ನಮ್ಮ ಮನೆಯವರು ಪೇಪರ್ ಏಜೆನ್ಸಿ ನಡೆಸುತ್ತಿದ್ದರು. ಹಾಗಾಗಿ ಈ ಕಥೆಯನ್ನು ನಾನು ನೋಡಿದ್ದು ಬೆಳಗಿನ ಜಾವ ಬಂಡಲ್ ಬಿಚ್ಚುವ ಜಾಗದಿಂದ.

ಮೊದಲು ಒಂದು ಮಾತು. ಸಂಕೇಶ್ವರರು ಅಚ್ಚಿನ ಮನೆಗೆ ಹೊರಗಿನವರಲ್ಲ. 1950ರಲ್ಲಿ ಹುಟ್ಟಿದ ಗದಗಿನವರು. ತಂದೆ ಬಿ.ಜಿ. ಸಂಕೇಶ್ವರ ಅವರದ್ದು ಮುದ್ರಣ ಮತ್ತು ಪ್ರಕಾಶನದ ವ್ಯವಹಾರ. ನಮ್ಮ ಕಡೆ ಶಾಲೆ ಕಲಿತ ಎಷ್ಟೋ ಜನರಿಗೆ ಆ ಮನೆಯ ನಿಘಂಟು ಗೊತ್ತು. ಇವರೂ ಚಿಕ್ಕ ವಯಸ್ಸಿನಲ್ಲೇ ಪ್ರೆಸ್ಸಿನ ಕೆಲಸ ಕಲಿತವರು. ಅದನ್ನು ಬಿಟ್ಟು ಲಾರಿ ಕೊಳ್ಳುತ್ತೇನೆ ಅಂದಾಗ ಮನೆಯವರಿಗೆ ಅಷ್ಟು ಇಷ್ಟವಿರಲಿಲ್ಲ. ಆದರೂ 1976ರಲ್ಲಿ ಒಂದೇ ಒಂದು ಲಾರಿಯಿಂದ ಶುರು ಮಾಡಿದರು. ಆಮೇಲೆ ಹುಬ್ಬಳ್ಳಿಗೆ ಬಂದರು. ಮಗ ಆನಂದ್ ಹೆಸರನ್ನೂ ಸೇರಿಸಿ ಕಂಪನಿಗೆ ವಿಜಯಾನಂದ ರೋಡ್‌ಲೈನ್ಸ್ ಅಂತ ಹೆಸರಿಟ್ಟರು. ಅದೇ ಇವತ್ತಿನ ವಿಆರ್‌ಎಲ್.

ಅವರ ಲಾರಿ ವ್ಯವಹಾರ ಎಂಥದ್ದು ಅಂತ ಗೊತ್ತಾದರೆ ಪತ್ರಿಕೆಯ ಗುಟ್ಟು ಅರ್ಧ ಗೊತ್ತಾದ ಹಾಗೆ. ಒಬ್ಬನೇ ವ್ಯಾಪಾರಿಯ ಮಾಲು ತುಂಬಿಕೊಂಡು ಹೋಗಿ ಇಳಿಸಿ ಬರುವುದು ಸುಲಭ. ವಿಆರ್‌ಎಲ್ ಬೆಳೆದಿದ್ದು ಹಾಗಲ್ಲ, ಚಿಲ್ಲರೆ ಪಾರ್ಸಲ್‌ನಿಂದ. ಒಂದು ಅಂಗಡಿಯ ಎರಡು ಬಾಕ್ಸ್, ಇನ್ನೊಬ್ಬರ ಒಂದು ಗಂಟು, ಎಲ್ಲ ಸೇರಿ ಒಂದು ಲೋಡು. ಇದಕ್ಕೆ ಊರೂರಿಗೂ ಬುಕಿಂಗ್ ಆಫೀಸು ಬೇಕು, ಗೋದಾಮು ಬೇಕು, ಹೇಳಿದ ಹೊತ್ತಿಗೆ ಗಾಡಿ ತಲುಪಬೇಕು. ಯಾವ ಊರಿಗೆ ಯಾವ ರಸ್ತೆ, ಅಲ್ಲಿ ಯಾರನ್ನು ನಂಬಬಹುದು ಅನ್ನೋದು ಬಾಯಿಪಾಠ ಆಗಿರಬೇಕು.

ಈಗ ಪೇಪರ್ ವಿಷಯಕ್ಕೆ ಬನ್ನಿ. ಅಷ್ಟು ಬೇಗ ಹಳಸುವ ಮಾಲು ಬೇರೆ ಇಲ್ಲ. ಐದು ಗಂಟೆಗೆ ಬಂಡಲ್ ಬೀಳಬೇಕು. ಬಿಚ್ಚಿ ಎಣಿಸಿ, ಪುರವಣಿಯನ್ನು ಒಳಗೆ ಸೇರಿಸಿ, ಲೈನ್ ಹುಡುಗರಿಗೆ ಹಂಚಿ, ಆರಕ್ಕೆಲ್ಲ ಸೈಕಲ್ ಹೊರಡಬೇಕು. ಬಂಡಲ್ ಏಳಕ್ಕೆ ಬಂದರೆ ಹುಡುಗರು ಶಾಲೆಗೆ ಹೊರಟಿರುತ್ತಾರೆ. ಗಿರಾಕಿ ಹೋಟೆಲ್‌ನಲ್ಲಿ ಚಹಾ ಕುಡಿಯುತ್ತಾ ಇನ್ನೊಂದು ಪೇಪರ್ ಓದಿ ಮುಗಿಸಿರುತ್ತಾನೆ. ಸಂಪಾದಕೀಯ ಎಷ್ಟು ಚೆನ್ನಾಗಿದ್ದರೂ ಆ ದಿನದ ಪ್ರತಿ ರದ್ದಿಗೇ.

1999ರಲ್ಲಿ ವಿಜಯ ಕರ್ನಾಟಕ ಶುರುವಾದಾಗ ಸಂಯುಕ್ತ ಕರ್ನಾಟಕ, ಪ್ರಜಾವಾಣಿ ನಮ್ಮ ಕಡೆ ಬೇರೂರಿದ್ದ ಪತ್ರಿಕೆಗಳು. ಸಂಕೇಶ್ವರರು ಬೆಲೆ ಕಡಿಮೆ ಇಟ್ಟರು, ಹಲವು ಊರುಗಳಲ್ಲಿ ಮುದ್ರಿಸಿದರು. ತಮ್ಮ ಸಾಗಣೆ ಜಾಲದ ಅನುಭವವನ್ನೆಲ್ಲ ಹಂಚಿಕೆಗೆ ಹಾಕಿದರು. ನಮ್ಮ ತಾಲ್ಲೂಕಿನ ಸುದ್ದಿ, ಹೆಸರು, ಫೋಟೋ ಒಳಪುಟದಲ್ಲಿ ಕಾಣತೊಡಗಿತು. ಮುಂದೆ ವಿಶ್ವೇಶ್ವರ ಭಟ್ ಸಂಪಾದಕರಾದರು, ಪತ್ರಿಕೆಯ ಭಾಷೆಯೇ ಚುರುಕಾಯಿತು. ಕೆಲವೇ ವರ್ಷಗಳಲ್ಲಿ ಅದು ಕನ್ನಡದಲ್ಲಿ ಅತಿ ಹೆಚ್ಚು ಪ್ರಸಾರದ ಪತ್ರಿಕೆ ಆಯಿತು.

ಏಜೆಂಟರ ಕಮಿಷನ್ ಬೆಲೆಯ ಮೇಲೆ ಸಿಗುವಂಥದ್ದು. ಬೆಲೆ ಇಳಿದರೆ ಒಂದು ಪ್ರತಿಗೆ ಸಿಗುವುದು ಕಡಿಮೆ, ಆದರೆ ಪ್ರತಿಗಳು ಜಾಸ್ತಿ. ನಮ್ಮಂಥವರು ಹೇಗೋ ಸರಿದೂಗಿಸಿಕೊಂಡೆವು. ಸಣ್ಣ ಜಿಲ್ಲಾ ಪತ್ರಿಕೆಗಳಿಗೆ ಆ ದರದಲ್ಲಿ ನಿಲ್ಲುವುದು ಕಷ್ಟ. ಇದನ್ನೂ ಹೇಳಲೇಬೇಕು. ಇನ್ನೊಂದು: ಸಂಕೇಶ್ವರರು ಆಗ ಧಾರವಾಡ ಉತ್ತರದ ಬಿಜೆಪಿ ಸಂಸದರು, 1996ರಿಂದ ಮೂರು ಸಲ ಗೆದ್ದವರು. ಪತ್ರಿಕೆಯ ಮಾಲೀಕರೇ ರಾಜಕಾರಣಿಯಾದಾಗ ಓದುಗ ಸ್ವಲ್ಪ ಎಚ್ಚರವಾಗಿರುವುದು ಒಳ್ಳೆಯದು, ಅಲ್ವಾ?

ಇನ್ನು ದುಡ್ಡಿನ ಮಾತು. ಅದೇ ಮಾಲೀಕರು, ಅದೇ ದುಡ್ಡು, ಅದೇ ಜಾಲ ಇಟ್ಟುಕೊಂಡು ಇಂಗ್ಲಿಷಿನಲ್ಲಿ ವಿಜಯ್ ಟೈಮ್ಸ್, ಕನ್ನಡದಲ್ಲಿ ಉಷಾಕಿರಣ ತಂದರು. ಅವು ವಿಜಯ ಕರ್ನಾಟಕದ ಹಾಗೆ ಜನರಲ್ಲಿ ಬೇರು ಬಿಡಲಿಲ್ಲ. ದುಡ್ಡೊಂದೇ ಸಾಕಾಗಿದ್ದರೆ ಮೂರೂ ಗೆಲ್ಲಬೇಕಿತ್ತು. ಮೊದಲನೆಯದಕ್ಕೆ ಕಾಯುತ್ತಿದ್ದ ಓದುಗರಿದ್ದರು. ತಮ್ಮ ಊರಿನ ಸುದ್ದಿ ಬೇಕು, ಹೊತ್ತಿಗೆ ಸರಿಯಾಗಿ ಬೇಕು, ಕಡಿಮೆ ಬೆಲೆಗೆ ಬೇಕು ಅನ್ನುವವರು. ಉಳಿದೆರಡಕ್ಕೆ ಅಂಥ ಜಾಗ ಸಿಗಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

2006ರಲ್ಲಿ ಪತ್ರಿಕೆಗಳನ್ನು ಟೈಮ್ಸ್ ಗ್ರೂಪಿಗೆ ಮಾರಿದರು. ಕೆಲವು ವರ್ಷ ಹೊಸ ಪತ್ರಿಕೆ ತರಬಾರದು ಅನ್ನುವ ಕರಾರಿತ್ತು. ಅದು ಮುಗಿದ ಮೇಲೆ, 2012ರಲ್ಲಿ, ವಿಜಯವಾಣಿ ತಂದರು. ತಾವೇ ಬೆಳೆಸಿದ ಪತ್ರಿಕೆಯ ಎದುರು ಅರವತ್ತು ದಾಟಿದ ಮೇಲೆ ಮತ್ತೆ ಮೊದಲಿಂದ ಶುರು ಮಾಡಿದ್ದು ನನಗೆ ಮೊದಲ ಗೆಲುವಿಗಿಂತ ದೊಡ್ಡದಾಗಿ ಕಾಣುತ್ತದೆ. ಈ ಸಲ ಎದುರಿಗಿದ್ದವರೂ ಬೆಲೆ, ಜಿಲ್ಲಾ ಪುಟ, ಹಂಚಿಕೆ ಎಲ್ಲವನ್ನೂ ಕಲಿತಿದ್ದರು. ಆದರೂ ಪತ್ರಿಕೆ ನೆಲೆಯೂರಿತು.

ಮುಂದೆ ವಿಆರ್‌ಎಲ್ 2015ರಲ್ಲಿ ಷೇರುಪೇಟೆಗೆ ಬಂತು, 2017ರಲ್ಲಿ ದಿಗ್ವಿಜಯ ನ್ಯೂಸ್ ಚಾನೆಲ್ ಬಂತು, 2020ರಲ್ಲಿ ಅವರಿಗೆ ಪದ್ಮಶ್ರೀ ಸಿಕ್ಕಿತು. ಚಾನೆಲ್‌ಗೆ ಬಂಡಲ್ ಇಲ್ಲ, ಬೆಳಗಿನ ಜಾವದ ಗಾಡಿ ಇಲ್ಲ. ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದ ಕೆಲಸ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅವರ ಮಾಧ್ಯಮ ಬದುಕನ್ನು ಓದಬೇಕು ಅಂತಿದ್ದರೆ 1999ರಿಂದ 2006ರವರೆಗಿನ ವರ್ಷಗಳಿಂದ ಶುರು ಮಾಡಿ. ನಿಮ್ಮ ಊರಿನಲ್ಲಿ ಆ ಕಾಲದ ಹಳೇ ಏಜೆಂಟರು ಯಾರಾದರೂ ಇದ್ದರೆ ಅವರನ್ನೂ ಮಾತಾಡಿಸಿ.