ಚಹಾ ಬೀಜದ ಎಣ್ಣೆ ಮೊಡವೆಗೆ ಆಗುವುದೇ?

ಟೀ ಟ್ರೀ ಎಣ್ಣೆಯ ಬದಲಿಗೆ ಜಪಾನಿನ ಚಹಾ ಬೀಜದ ಎಣ್ಣೆಯನ್ನು ಮೊಡವೆಗೆ ಹಚ್ಚಬಹುದೇ ಎಂದು ಕೇಳಿದ್ದೀರಿ. ಇವೆರಡಕ್ಕೂ ಸಂಬಂಧವೇ ಇಲ್ಲ. ಮೊದಲನೆಯದು ಆಸ್ಟ್ರೇಲಿಯಾ ಮೂಲದ ಮೆಲಲ್ಯೂಕ ಮರದ ಎಲೆಗಳನ್ನು ಭಟ್ಟಿ ಇಳಿಸಿ ತೆಗೆಯುವ ಘಾಟಾದ ತೈಲವಾಗಿದ್ದು, ಅದನ್ನು ತೆಳುಗೊಳಿಸದೆ ಹಚ್ಚಲೇಬಾರದು. ಎರಡನೆಯದು ನಾವು ಕುಡಿಯುವ ಚಹಾದ ಗಿಡದ್ದೇ. ಶರತ್ಕಾಲದಲ್ಲಿ ಬಿಳಿ ಹೂ ಬಿಡುವ ಆ ಗಿಡದ ಕಾಯಿ ಬಲಿತು ಬಿರಿಯಲು ಮರುವರ್ಷದ ಶರತ್ಕಾಲವೇ ಬರಬೇಕು, ಆಮೇಲೆ ಒಳಗಿನ ಕಂದು ಬೀಜಗಳನ್ನು ಹಿಂಡಿ ಎಣ್ಣೆ ತೆಗೆಯುತ್ತಾರೆ. ಎಲೆಗಾಗಿ ಸದಾ ಕತ್ತರಿಸುವ ತೋಟದಲ್ಲಿ ಬೀಜ ಹೆಚ್ಚು ಕಟ್ಟುವುದಿಲ್ಲ.

ಈ ಎಣ್ಣೆಯಲ್ಲಿ ಓಲಿಯಿಕ್ ಆಮ್ಲವೆಂಬ ಕೊಬ್ಬಿನಾಮ್ಲವೇ ಪ್ರಧಾನವಾದ್ದರಿಂದ ಒಣ ಚರ್ಮದ ತೇವ ಉಳಿಸಲು ಇದು ಒಳ್ಳೆಯದೇ ಹೊರತು ಮೊಡವೆಗೆ ಮದ್ದಲ್ಲ. ನಿಮ್ಮದು ಜಿಡ್ಡು ಚರ್ಮವೆಂದು ಬರೆದಿರುವುದರಿಂದ ಮೊಡವೆ ಹೆಚ್ಚಲೂಬಹುದು. ಹಸಿರು ಚಹಾದ ಕ್ಯಾಟೆಚಿನ್‌ಗಳೆಂಬ ಉತ್ಕರ್ಷಣ ನಿರೋಧಕಗಳು ನೀರಿನಲ್ಲಿ ಕರಗುವಂಥವಾಗಿದ್ದು ಎಣ್ಣೆಗೆ ಅಷ್ಟಾಗಿ ಇಳಿಯುವುದಿಲ್ಲ, ಆದ್ದರಿಂದ ಈ ಎಣ್ಣೆಯಲ್ಲಿ ಅವು ತುಂಬಿವೆ ಎಂಬ ಜಾಹೀರಾತಿನ ಮಾತನ್ನು ಬದಿಗಿಡಿ.

ಕೈಕಾಲುಗಳ ಒರಟು ಚರ್ಮಕ್ಕಾಗಿ ಕೊಳ್ಳುವುದಾದರೆ ಸೀಸೆಯ ಮೇಲೆ ಕ್ಯಾಮೆಲಿಯಾ ಸೈನೆನ್ಸಿಸ್ (ಚಹಾ ಗಿಡದ ವೈಜ್ಞಾನಿಕ ಹೆಸರು) ಬೀಜದ ಎಣ್ಣೆ ಎಂದಿದೆಯೇ ನೋಡಿ. ಕ್ಯಾಮೆಲಿಯಾ ಜಪೋನಿಕಾ ಎಂದಿದ್ದರೆ ಅದು ಚಹಾದ್ದಲ್ಲ, ಅದೇ ಕುಲದ ಬೇರೊಂದು ಗಿಡದ್ದು; ಜಪಾನಿನ ಇಜು ಓಶಿಮಾ, ಗೊಟೊ ದ್ವೀಪಗಳ ಹೆಸರುವಾಸಿ ತ್ಸುಬಾಕಿ ಎಣ್ಣೆ, ಅದನ್ನು ಅಲ್ಲಿಯವರು ಹಿಂದಿನಿಂದಲೂ ತಲೆಗೂದಲಿಗೆ ಬಳಸುತ್ತಾರೆ. ಯಾವುದೇ ಆಗಲಿ, ಮೊದಲು ಮೊಣಕೈಯ ಒಳಭಾಗಕ್ಕೆ ಒಂದು ಹನಿ ಹಚ್ಚಿ ಎರಡು ದಿನ ಕಾದು ನೋಡಿ.